ನಮಿದಾ ಅಂದರೆ ನಮ್ದ

ಮೊನ್ನೆ ಜಪಾನಿ ಗ್ರೋಸರಿಯಲ್ಲಿ ಅಕ್ಕಿಚೀಲ ಎತ್ತಿ ಮಗಳು ತಳ್ಳುತ್ತಿದ್ದ ಕಾರ್ಟಿಗೆ ಹಾಕುತ್ತಿದ್ದೆ. ಮೇಲಿನ ಸ್ಪೀಕರಿನಲ್ಲಿ ಹಳೆಯ ಹಾಡು. ಹಾಡುವವನು 'ನಮಿದಾ' ಎಂದು ರಾಗ ಎಳೆದ. ಅಷ್ಟಕ್ಕೇ ಮೂಗಿಗೆ ಡ್ರೈಯರಿನಿಂದ ಆಗಷ್ಟೇ ತೆಗೆದ ಬಿಸಿ ಬಟ್ಟೆಯ ವಾಸನೆ ಬಂತು.

ನಾನು ಚಿಕ್ಕವಳಿದ್ದಾಗ ವಾಲ್ನಟ್ ಕ್ರೀಕ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನವರಿಗೆಲ್ಲ ಒಂದೇ ಲಾಂಡ್ರಿ ರೂಮು. ಕೆಳಗಿನ ಮನೆಯ ಮಿಚಿಕೋ ಆಂಟಿ ಅಲ್ಲಿಗೆ ಬಟ್ಟೆಬುಟ್ಟಿಯ ಜೊತೆ ಟೇಪ್ ರೆಕಾರ್ಡರನ್ನೂ ಹೊತ್ತು ತರುತ್ತಿದ್ದರು. ಅವರ ಹರೆಯದಲ್ಲಿ ಜಪಾನಿನ ಹುಡುಗಿಯರಿಗೆಲ್ಲ ಹುಚ್ಚು ಹಿಡಿಸಿದ್ದ ಗಾಯಕನ ಕ್ಯಾಸೆಟ್ಟು ಅದರಲ್ಲಿ. ಕವರಿನ ಮೇಲೆ ಬಿಳಿ ಸೂಟು, ಹಣೆ ಮುಚ್ಚುವ ಕೂದಲು, ಸಕ್ಕರೆಯಂಥ ನಗು.

ಅಜ್ಜ ತೀರಿಕೊಂಡ ಮೇಲೆ ಧಾರವಾಡದಿಂದ ಬಂದಿದ್ದ ನಮ್ಮಜ್ಜಿ ಮಾತೇ ಬಿಟ್ಟಿದ್ದಳು. ಒಂದು ದಿನ ಲಾಂಡ್ರಿ ರೂಮಿನಲ್ಲಿ ನನ್ನ ಜೊತೆ ಸೀರೆ ಮಡಚುತ್ತಿದ್ದವಳು, ಕ್ಯಾಸೆಟ್ಟಿನಲ್ಲಿ ಇದೇ ಹಾಡು ಬಂದದ್ದೇ ತಟ್ಟನೆ ನಿಂತಳು.

"ಕೇಳವಾ, ಇಂವಾ ನಮ್ದ, ನಮ್ದ ಅನ್ನಾಕತ್ತಾನ! ನಮ್ಮ ಕಡೀ ಹುಡುಗನ ಇರಬೇಕು!"

ಆ 'ನಮಿದಾ' ಎಂದರೇನು ಎಂದು ಆಂಟಿಯನ್ನು ಕೇಳಿದೆ. ಅವರು ಕಣ್ಣಿನಿಂದ ಕೆನ್ನೆಯವರೆಗೆ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದರು. ಕಣ್ಣೀರು.



"ಹಂಗಾರ ಅದೂ ನಮ್ದ ಬಿಡವಾ," ಎಂದು ಅಜ್ಜಿ ನನ್ನ ಕೈಯಲ್ಲಿದ್ದ ಸೆರಗಿನ ತುದಿಯನ್ನು ತೆಗೆದು ಆಂಟಿಯ ಕೈಗೆ ಕೊಟ್ಟಳು. ಉದ್ದನೆಯ ಇಳಕಲ್ ಸೀರೆ. ಒಂದೊಂದು ಮಡಿಕೆಗೂ ಇಬ್ಬರೂ ಎದುರುಬದುರಾಗಿ ನಡೆದು ಹತ್ತಿರವಾಗುತ್ತಿದ್ದರು.

"ಅಮ್ಮಾ, ವಾಟ್ಸ್ ನಮಿದಾ?" ಕಾರ್ಟು ತಳ್ಳುತ್ತಿದ್ದ ಮಗಳು ಕೇಳಿದಳು.

"ನಮ್ದು ಅಂತ, ಪುಟ್ಟಾ," ಎಂದೆ, ಕಣ್ಣೊರೆಸಿಕೊಂಡು.