ಸೆದ್ರಾಕನ ಮಗ ಪಡೆದ ಹಳದಿ ಕಾರ್ಡ್

ಅರ್ಮೇನಿಯಾದ ಗ್ಯೂಮ್ರಿ ಊರಿನ ಸೆದ್ರಾಕನ ಮಗನಿಗೆ ವಾರಾಜ್ದಾತ್ ಎಂಬ ರಾಜರ ಹೆಸರಿತ್ತು. ಆ ಪೂರ್ತಿ ಹೆಸರನ್ನು ಹಿಡಿದು ಅವನನ್ನು ಕರೆದವರೆಂದರೆ ತಲೆಗೆ ನೀರು ಹಾಕಿದ ಪಾದ್ರಿ ಮತ್ತು ನಾನಾ ದೇಶಗಳ ವಿಮಾನ ನಿಲ್ದಾಣದಲ್ಲಿ ಠಸ್ಸೆ ಒತ್ತುವವರು ಮಾತ್ರ. ಮಿಕ್ಕವರಿಗೆಲ್ಲ ಅವನು ವಾರೋ. ಫುಟ್‌ಬಾಲಿನಲ್ಲಿ ಅವನದು ಮೈದಾನದ ನಡುವಿನ ಜಾಗ. "ಗೋಲು ಹೊಡೆದವನಿಗೆ ಹಾರ, ಗೋಲು ಬಿಟ್ಟವನಿಗೆ ಬೈಗುಳ, ನಡುವೆ ಓಡೋನಿಗೆ ಬರೀ ಬೆವರು" ಎಂದು ಸೆದ್ರಾಕ್ ಹೇಳುತ್ತಿದ್ದ. ಅವನು ರಾಜಧಾನಿ ಯೆರೆವಾನಿಗೆ ಮಿನಿಬಸ್ಸು ಓಡಿಸುತ್ತಿದ್ದ. ಆ ಬಸ್ಸು ಹತ್ತಿದವರು ಮಗನ ಕಥೆ ಕೇಳದೆ ಇಳಿದದ್ದೇ ಇಲ್ಲ. ಕಿವಿ ಕೇಳಿಸದ ಮುದುಕರನ್ನೂ ಅವನು ಬಿಡುತ್ತಿರಲಿಲ್ಲ.

ಕಥೆ ಹೇಳುವಷ್ಟು ದೊಡ್ಡದೇನೂ ಆಗಿರಲಿಲ್ಲ ಎನ್ನುವುದು ಬೇರೆ ಮಾತು. ಹುಡುಗ ಹದಿನೆಂಟಕ್ಕೆ ಯೆರೆವಾನಿನ ಕ್ಲಬ್ಬು ಸೇರಿದ. ಅಲ್ಲಿಂದ ಬೆಲಾರುಸಿಗೆ ಹೋಗಿ ಮೂರು ಹೊತ್ತೂ ಆಲೂಗಡ್ಡೆ ತಿನ್ನುವುದನ್ನು ಕಲಿತ. ಆಮೇಲೆ ಇರಾನು. ಅಲ್ಲಿನ ನಮ್ಮ ಅರ್ಮೇನಿಯನ್ ಅಜ್ಜಿಯರು ಪ್ರತಿ ಭಾನುವಾರ ಚರ್ಚಿನ ಅಂಗಳದಲ್ಲಿ ಅವನಿಗೊಂದು ಹೆಣ್ಣು ತೋರಿಸುತ್ತಿದ್ದರು. ಇವನು ಕಾಲು ನೋವೆಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಮಾಲ್ದೋವಾದ ಕ್ಲಬ್ಬು ಪಂದ್ಯಗಳ ಋತುವಿನ ನಡುವೆಯೇ ಬಾಗಿಲು ಹಾಕಿತು. ಅಲ್ಲಿಂದ ಒಂದು ಕೈಚೀಲ ಮತ್ತು ಕೆಮ್ಮು ಹೊತ್ತು ಬಂದ. ದೇಶದ ತಂಡಕ್ಕೆ ಎರಡು ಸಲ ಕರೆ ಬಂದಿತ್ತು. ಎರಡೂ ಸಲ ಬೆಂಚಿನ ಮೇಲೆ ಕೂತು, ಆಟ ಮುಗಿಯುವ ಹೊತ್ತಿಗೆ ಒಳಗೆ ಹೋದ. ಅಷ್ಟಕ್ಕೇ ಸೆದ್ರಾಕ್ ಬೀದಿಗೆಲ್ಲ ವೋಡ್ಕಾ ಕುಡಿಸಿದ. ಈಗ ಮೂವತ್ತೊಂದು ವಯಸ್ಸಿಗೆ ವಾರೋ ಕಜಕಸ್ತಾನದ ಒಂದು ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಆಡುತ್ತಿದ್ದ.

ತಾಯಿ ಹ್ರಿಪ್ಸಿಮೆಗೆ ಆ ದೇಶಗಳೆಲ್ಲ ಫೋನಿನಲ್ಲಿ ಮಗನ ಬೆನ್ನ ಹಿಂದೆ ಕಾಣುವ ಗೋಡೆಗಳಷ್ಟೇ. ಗೋಡೆಯ ಬಣ್ಣ ಬದಲಾದರೆ ಮಗ ದೇಶ ಬದಲಾಯಿಸಿದ ಎಂದು ಲೆಕ್ಕ.

ಆ ವರ್ಷ ವಸಂತದಲ್ಲಿ ಸೆದ್ರಾಕನ ದನಿ ಕೂತುಹೋಯಿತು. ಅಪ್ಪನ ಗಂಟಲು ಊದಿದೆ ಎಂದಷ್ಟೇ ಮಗನಿಗೆ ಹೇಳಿದರು. ಡಾಕ್ಟರು ಹೇಳಿದ್ದು ಬೇರೆ. ಶ್ವಾಸಕೋಶದಲ್ಲಿ ಬೆಳೆದದ್ದಕ್ಕೆ ಇನ್ನು ಮದ್ದಿರಲಿಲ್ಲ. ಫೋನ್ ಬಂದಾಗ ಸೆದ್ರಾಕ್ ಕೈ ಬೀಸುತ್ತಿದ್ದ, ಕಣ್ಣು ಮಿಟುಕಿಸುತ್ತಿದ್ದ, ಅಷ್ಟರಲ್ಲಿ ಹ್ರಿಪ್ಸಿಮೆ ಫೋನನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು. ಬೇಸಿಗೆ ಮುಗಿಯುವ ಹೊತ್ತಿಗೆ ಕೈ ಬೀಸುವುದೂ ಕಷ್ಟವಾಯಿತು. ಒಂದು ಮಧ್ಯಾಹ್ನ ಅವನು ಹೆಂಡತಿಯನ್ನು ಹತ್ತಿರ ಕರೆದ.

"ಋತು ಮುಗಿಯೋವರೆಗೂ ಹುಡುಗನಿಗೆ ಹೇಳ್ಬೇಡ."

"ಏನು ಮಾತು ಅಂತ ಆಡ್ತೀರಿ? ನೀವೇ ಹೇಳೀರಂತೆ, ಹುಷಾರಾದ ಮೇಲೆ."

"ಸುಮ್ನಿರೇ. ತಂಡ ಕೆಳಗಿನ ದರ್ಜೆಗೆ ಬೀಳದೆ ಉಳಿದ್ರೆ ಇನ್ನೆರಡು ವರ್ಷ ಅವನನ್ನ ಇಟ್ಕೋತಾರಂತೆ. ಸುದ್ದಿ ಕೇಳಿದ್ರೆ ಎಲ್ಲ ಬಿಟ್ಟು ಓಡಿ ಬರ್ತಾನೆ. ಅವನ ವಯಸ್ಸಲ್ಲಿ ಜಾಗ ಬಿಟ್ಟು ಎದ್ದೋನಿಗೆ ಮತ್ತೆ ಜಾಗ ಸಿಗಲ್ಲ. ನನ್ನ ಬಸ್ಸಲ್ಲಿ ದಿನಾ ನೋಡಿಲ್ವಾ?"

ಅವಳು ರೊಟ್ಟಿಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಮೂರನೆಯ ದಿನ ಸೆದ್ರಾಕ್ ಹೋಗಿಬಿಟ್ಟ.

ಇದು ನಮ್ಮಲ್ಲಿ ಹೊಸದಲ್ಲ. ನಮ್ಮ ಜನ ಅರ್ಧಕ್ಕರ್ಧ ಯಾವಾಗಲೂ ಪರದೇಶದಲ್ಲೇ. ಹಾಗೆ ಹೋದವರಿಗೆ ಸಾವಿನ ಸುದ್ದಿ ಕಳಿಸುವುದಿಲ್ಲ. ಅಲ್ಲಿ ಅವರು ಕುಸಿದು ಕೂತರೆ ತಲೆ ಹಿಡಿಯಲು ಯಾರಿದ್ದಾರೆ? ನಮ್ಮ ಬೀದಿಯ ಒಬ್ಬಳಂತೂ ಸತ್ತ ಅತ್ತೆಯ ಹೆಸರಿನಲ್ಲಿ ಎರಡು ವರ್ಷ ರಷ್ಯಾದ ಕ್ರಾಸ್ನೊದಾರಿನಲ್ಲಿದ್ದ ಗಂಡನಿಗೆ ಆಶೀರ್ವಾದ ತಲುಪಿಸಿದಳು. ಅತ್ತೆ ಬದುಕಿದ್ದಾಗ ಅಷ್ಟು ಒಳ್ಳೆಯ ಮಾತು ಆಡಿದ್ದೇ ಇಲ್ಲ. ಇದನ್ನು ನಾವು ಸುಳ್ಳು ಎನ್ನುವುದಿಲ್ಲ, ಕರುಣೆ ಎನ್ನುತ್ತೇವೆ. ಆ ಕರುಣೆಯನ್ನು ಅನುಭವಿಸುವವನಿಗೆ ಹೇಗಿರುತ್ತದೆ ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ಸಾವಿನ ಮನೆಯ ಗುರುತಾಗಿ ಶವಪೆಟ್ಟಿಗೆಯ ಮುಚ್ಚಳವನ್ನು ಹೊರಗೆ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಹ್ರಿಪ್ಸಿಮೆ ಅದರ ಪಕ್ಕದಲ್ಲೇ ನಿಂತು ಬಂದವರಿಗೆಲ್ಲ ಎಚ್ಚರಿಕೆ ಕೊಟ್ಟಳು. "ಯಾರಾದ್ರೂ ಫೋನಲ್ಲಿ ಫೋಟೋ ಗೀಟೋ ಹಾಕಿದ್ರೆ ನನ್ನ ಶಾಪ ತಟ್ಟುತ್ತೆ, ನೋಡ್ಕೊಳ್ಳಿ." ವಾರೋನ ಹಳೆಯ ಜೊತೆಯಾಟಗಾರರು ಯೆರೆವಾನಿನಿಂದ ಬಂದಿದ್ದರು. ಅವರಿಂದಲೂ ಮಾತು ತೆಗೆದುಕೊಂಡಳು. ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕಬೇಕಾದ ಮಗನ ಬದಲು ಸೆದ್ರಾಕನ ತಮ್ಮ ಓನಿಕ್ ಹಾಕಿದ. ಊರಿಗೆಲ್ಲ ಗೊತ್ತಿದ್ದ ಸಾವು ಒಬ್ಬನಿಗೆ ಮಾತ್ರ ಗೊತ್ತಿರಲಿಲ್ಲ.

ಬುಧವಾರ ಮತ್ತು ಭಾನುವಾರ ಸಂಜೆ ವಾರೋ ಫೋನ್ ಮಾಡುತ್ತಿದ್ದ. ಅದಕ್ಕೆ ಮುಂಚೆ ಹ್ರಿಪ್ಸಿಮೆ ಕಪ್ಪು ಬಟ್ಟೆ ಬಿಚ್ಚಿ ನೀಲಿ ಸ್ವೆಟರ್ ತೊಡುತ್ತಿದ್ದಳು. ನಡುಮನೆಯಲ್ಲಿ ಕಪ್ಪು ಪಟ್ಟಿ ಕಟ್ಟಿದ ಸೆದ್ರಾಕನ ಚಿತ್ರವಿತ್ತು. ಅದು ಕಾಣದ ಹಾಗೆ ಅಡುಗೆಮನೆಯ ಮೂಲೆಯಲ್ಲಿ, ಮೂಲಂಗಿ ಉಪ್ಪಿನಕಾಯಿಯ ಜಾಡಿಗಳ ಮುಂದೆ ಕೂರುತ್ತಿದ್ದಳು.

"ಅಪ್ಪ ಎಲ್ಲಿ?"

"ಗ್ಯಾರೇಜಿಗೆ ಹೋದ್ರು. ಬಸ್ಸಿನ ಗೇರು ಕೈ ಕೊಟ್ಟಿದೆ."

ಇನ್ನೊಂದು ಸಲ, "ಮಲಗಿದ್ದಾರೆ ಕಂದ. ಮಾತ್ರೆ ತಗೊಂಡಿದ್ದಾರೆ." ಮತ್ತೊಂದು ಸಲ, "ಸ್ನಾನಕ್ಕೆ ಹೋಗಿದ್ದಾರೆ." ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು. ಸೆದ್ರಾಕ್ ಬದುಕಿದ್ದಾಗ ಇಷ್ಟು ಸಲ ಸ್ನಾನ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಮಾತು ಉದ್ದವಾದರೆ ಬಾಯಿ ತಪ್ಪೀತೆಂದು ಬೇಗ ಬೇಗ ಫೋನ್ ಇಡುತ್ತಿದ್ದಳು. ಇಟ್ಟ ಮೇಲೆ ಸ್ವೆಟರಿನ ತೋಳು ಕಚ್ಚಿಕೊಂಡು ಅಳುತ್ತಿದ್ದಳು.

ಈ ಕೋಟೆ ಒಡೆದವನು ಓನಿಕ್. ಅವನು ಮದುವೆಗಳಲ್ಲಿ ಫೋಟೋ ತೆಗೆಯುವವನು, ತನ್ನ ಮುಖದ ಮೇಲೆ ತನಗೇ ಮೋಹ. ಬೆಳಿಗ್ಗೆ ಕ್ಷೌರ ಮಾಡಿಕೊಂಡದ್ದು ಸಂಜೆಯ ಮದುವೆಗೆ ಹಳತಾಯಿತೆಂದು ಮತ್ತೊಮ್ಮೆ ಮಾಡಿಕೊಳ್ಳುತ್ತಿದ್ದ. ಆದರೆ ಮನೆಯಲ್ಲಿ ಸಾವಾದರೆ ನಮ್ಮ ಗಂಡಸರು ನಲವತ್ತನೆಯ ದಿನದವರೆಗೆ ಮುಖಕ್ಕೆ ಕತ್ತಿ ತಾಗಿಸುವುದಿಲ್ಲ. ಅದಕ್ಕೆ ಓನಿಕ್‌ ಕೂಡ ಹೊರತಲ್ಲ. ಒಂದು ಬುಧವಾರ ಹ್ರಿಪ್ಸಿಮೆ ಮಗನ ಜೊತೆ ಮಾತಾಡುತ್ತಿದ್ದಾಗ ಅವನು ಕಾಫಿ ಕೇಳಿಕೊಂಡು ಸೀದಾ ಅಡುಗೆಮನೆಗೆ ನುಗ್ಗಿದ.

"ಚಿಕ್ಕಪ್ಪಾ?" ಎಂದಿತು ಫೋನು. "ಏನಿದು ಗಡ್ಡ?"

ಓನಿಕನ ಕೈ ಗಡ್ಡ ಮುಚ್ಚಲು ಹೋಯಿತು. ಆದರೆ ಗ್ಯೂಮ್ರಿಯವನ ನಾಲಿಗೆ ಸೋಲುವುದಿಲ್ಲ. "ಬ್ಲೇಡ್ ಅಂಗಡಿಯವನ ಜೊತೆ ಜಗಳ ಆಗಿದೆ ಕಣೋ. ಅವನ ವ್ಯಾಪಾರ ಮುಳುಗಿಸ್ತಾ ಇದ್ದೀನಿ."

ವಾರೋ ನಗಲಿಲ್ಲ. ಅವನ ಮುಖ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು, ಫೋನೇ ಕೆಟ್ಟುಹೋಯಿತೇನೋ ಎನ್ನುವಷ್ಟು ಹೊತ್ತು. ಆಮೇಲೆ, "ಚೆನ್ನಾಗಿ ಕಾಣುತ್ತೆ ಚಿಕ್ಕಪ್ಪ" ಎಂದ. "ಅಮ್ಮ, ನೀನು ಊಟ ಸರಿಯಾಗಿ ಮಾಡ್ತಿದ್ದೀಯಾ?"

ಫೋನ್ ಇಟ್ಟ ಮೇಲೆ ಅತ್ತಿಗೆ ಮೈದುನನ ಮೇಲೆ ಪಾತ್ರೆ ಒರೆಸುವ ಬಟ್ಟೆ ಬೀಸಿ ಎಸೆದಳು. "ಮೂಗಿನ ನೇರಕ್ಕೆ ನುಗ್ತೀಯಲ್ಲೋ, ಕಣ್ಣು ಎಲ್ಲಿಟ್ಟಿದ್ದೆ?"

"ಅವನಿಗೆ ಹೊಳೀಲಿಲ್ಲ ಅತ್ತಿಗೆ. ಹೊಳೆದಿದ್ರೆ ಕೇಳ್ತಿರ್ಲಿಲ್ವಾ?"

ಹ್ರಿಪ್ಸಿಮೆ ಅದನ್ನೇ ನಂಬಿದಳು. ನಂಬುವುದು ಬೇಕಾಗಿತ್ತು. ಅಲ್ಲಿಂದ ಮುಂದೆ ವಾರೋ ಅಪ್ಪನನ್ನು ಕರೆ ಎನ್ನಲಿಲ್ಲ. "ಅಪ್ಪನಿಗೆ ಹೇಳು" ಎಂದಷ್ಟೇ ಹೇಳಿ ತಾಯಿಯ ಊಟ, ನಿದ್ದೆ, ರಕ್ತದೊತ್ತಡ ವಿಚಾರಿಸುತ್ತಿದ್ದ. ಕೆಲವು ಸಲ ಮುಖ ತೋರಿಸದೆ ಬರೀ ದನಿಯಲ್ಲಿ ಮಾತಾಡಿದ. ಅಲ್ಲಿ ಸಿಗ್ನಲ್ ಸರಿಯಿಲ್ಲವಂತೆ. ಅವಳಿಗೆ ಅದೂ ಹಗುರವಾಯಿತು. ನೀಲಿ ಸ್ವೆಟರಿನ ಕೆಲಸ ತಪ್ಪಿತು.

ಈಗ ಅವಳನ್ನು ಕೊರೆಯುತ್ತಿದ್ದದ್ದು ನಲವತ್ತನೆಯ ದಿನ. ಅದು ಶನಿವಾರ ಬಿದ್ದಿತ್ತು. ಋತುವಿನ ಕೊನೆಯ ಪಂದ್ಯ ಮಾರನೆಯ ಭಾನುವಾರ. ಮಣ್ಣಿಗೂ ಇಲ್ಲದ ಮಗ ನಲವತ್ತಕ್ಕೂ ಇಲ್ಲದಿದ್ದರೆ ಅವನು ತನ್ನನ್ನು ಮನ್ನಿಸುತ್ತಾನೆಯೇ? ಹೇಳಿದರೆ ಗಂಡನ ಮಾತು ಮುರಿಯುತ್ತದೆ. ಹೇಳದಿದ್ದರೆ ಮಗನ ಮನಸ್ಸು. "ಒಂದೇ ಒಂದು ದಿನದ ವ್ಯತ್ಯಾಸ ಕಣೋ ಓನಿಕ್" ಎಂದು ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ದಾರಿ ಅವಳಿಗೆ ಸಿಗಲಿಲ್ಲ.

ಕೊನೆಯದಕ್ಕಿಂತ ಹಿಂದಿನ ಪಂದ್ಯವನ್ನು ಓನಿಕ್ ತನ್ನ ಕಂಪ್ಯೂಟರಿನಿಂದ ಟಿವಿಗೆ ಜೋಡಿಸಿ ತೋರಿಸಿದ. ಎದುರುಮನೆಯ ಸಿರಾನುಷ್ ಸೂರ್ಯಕಾಂತಿ ಬೀಜ ಹಿಡಿದು ಬಂದು ಕೂತಳು. ಅವಳಿಗೆ ಆಟ ಅರ್ಥವಾಗದು, ಆಟಗಾರರ ಮುಖ ನೋಡುವುದು ಇಷ್ಟ.

"ಅಯ್ಯೋ, ನಿನ್ನ ಮಗ ಪಾದ್ರಿ ಆಗೋಕೆ ಹೊರಟಿದ್ದಾನೇನೇ?" ಎಂದಳು.

ವಾರೋನ ಮುಖದ ಮೇಲೆ ವಾರಗಟ್ಟಲೆ ಬೆಳೆದ ಗಡ್ಡವಿತ್ತು. ಈಗಿನ ಹುಡುಗರೆಲ್ಲ ಗಡ್ಡ ಬಿಡುತ್ತಾರೆ ಎಂದು ಹ್ರಿಪ್ಸಿಮೆ ತನಗೆ ತಾನೇ ಹೇಳಿಕೊಂಡಳು. ಓನಿಕ್ ಅತ್ತಿಗೆಯ ಕಡೆ ನೋಡಲಿಲ್ಲ.

ವಾರೋನ ತಂಡ ಎರಡು ಗೋಲು ಮುಂದಿತ್ತು. ಅವನು ಚೆನ್ನಾಗಿ ಆಡುತ್ತಿದ್ದ. ಎರಡು ತಂಡಗಳ ನಡುವೆ ಕಸೂತಿ ಹಾಕುವವನ ಹಾಗೆ ಅತ್ತಿಂದಿತ್ತ ಚೆಂಡು ದಾಟಿಸುತ್ತಿದ್ದ. ಆಟ ಮುಗಿಯಲು ಬಂದಿತ್ತು. ಚೆಂಡು ದೂರದ ಮೂಲೆಯಲ್ಲಿದ್ದಾಗ ಅವನು ನಡುಗೆರೆಯ ಬಳಿ ಸುಮ್ಮನೆ ನಡೆಯುತ್ತಿದ್ದ ಎದುರಾಳಿಯೊಬ್ಬನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಆ ಹುಡುಗ ಬಿದ್ದು, ಎದ್ದು, ಸಿಟ್ಟಿಗಿಂತ ಹೆಚ್ಚು ಆಶ್ಚರ್ಯದಿಂದ ಇವನನ್ನು ನೋಡಿದ. ರೆಫರಿ ಓಡಿ ಬಂದು ಹಳದಿ ಕಾರ್ಡ್ ಎತ್ತಿದ. ವಾದಿಸದೆ, ಕೈ ಮೇಲೆತ್ತದೆ, ವಾರೋ ತಲೆಬಾಗಿ ನಿಂತಿದ್ದ. ಅಂಚಿನಲ್ಲಿದ್ದ ಕೋಚು ನೀರಿನ ಬಾಟಲಿಯನ್ನು ನೆಲಕ್ಕೆ ಅಪ್ಪಳಿಸಿದ.

"ಏನಾಯ್ತು? ಹಳದಿ ತಾನೇ, ಕೆಂಪು ಅಲ್ವಲ್ಲ?" ಎಂದಳು ಹ್ರಿಪ್ಸಿಮೆ.

ಓನಿಕ್ ಎದ್ದು ನಿಂತಿದ್ದ. "ಇದು ನಾಲ್ಕನೇದು ಅತ್ತಿಗೆ. ನಾಲ್ಕಾದ್ರೆ ಮುಂದಿನ ಪಂದ್ಯ ಆಡೋ ಹಾಗಿಲ್ಲ."

"ಕೊನೇ ಪಂದ್ಯವಾ?"

"ಹೂಂ. ಭಾನುವಾರದ್ದು."

ಸಿರಾನುಷಳ ಬೀಜ ಬಿಡಿಸುವ ಸದ್ದು ನಿಂತಿತು. ಹ್ರಿಪ್ಸಿಮೆ ಟಿವಿಯ ಹತ್ತಿರ ಹೋಗಿ ಮಗನ ಮುಖವನ್ನೇ ನೋಡಿದಳು. "ಗೊತ್ತು ಅವನಿಗೆ" ಎಂದಳು. "ನಿನ್ನ ಗಡ್ಡ ನೋಡಿದ ಅವತ್ತಿಂದಾನೂ ಗೊತ್ತು. ನಾನು ಫೋನಲ್ಲಿ ಅವನಪ್ಪನಿಗೆ ಸ್ನಾನ ಮಾಡಿಸ್ತಾ ಇದ್ದೆ, ಅವನು ಹೂಂ ಹೂಂ ಅಂತಿದ್ದ."

ಆ ವಾರ ಅವಳು ಮಾಡಿದ ಯಾವ ಫೋನನ್ನೂ ಅವನು ಎತ್ತಲಿಲ್ಲ. ಶನಿವಾರ ಬೆಳಿಗ್ಗೆ ಧೂಪ, ರೊಟ್ಟಿ, ಹೂವು ಸಿದ್ಧಮಾಡಿಕೊಂಡು ಮನೆಮಂದಿ ಹೊರಟು ನಿಂತಾಗ ವಾರೋ ಬೀದಿಯ ತುದಿಯಲ್ಲಿ ಟ್ಯಾಕ್ಸಿಯಿಂದ ಇಳಿದು ನಡೆದು ಬಂದ. ತಾಯಿಯನ್ನು ತಬ್ಬಿದ. ಅವಳು "ನಿನ್ನ ನೋವು ನಾನು ತಗೋತೀನಿ ವಾರೋ ಜಾನ್, ನನ್ನ ಕಂದ" ಎಂದು ಅವನ ಎದೆಗೆ ತಲೆ ಬಡಿದುಕೊಂಡಳು. ಅವನು ಅವಳ ಕೈಯಲ್ಲಿದ್ದ ಹೂವನ್ನು ತಾನು ಹಿಡಿದುಕೊಂಡ. ಸ್ಮಶಾನದಲ್ಲಿ ಪಾದ್ರಿಯ ಪ್ರಾರ್ಥನೆ ಮುಗಿದ ಮೇಲೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದ. ಹಾಕಲು ಗುಂಡಿ ಎಲ್ಲಿದೆ? ಮುಚ್ಚಿ ಗಟ್ಟಿಯಾದ ದಿಬ್ಬದ ಮೇಲೆ ಸುಮ್ಮನೆ ಉದುರಿಸಿ ಕೈ ಒರೆಸಿಕೊಂಡ. ಹ್ರಿಪ್ಸಿಮೆಗೆ ಅದನ್ನು ನೋಡಲಾಗಲಿಲ್ಲ.

ಭಾನುವಾರ ಅವನಿಲ್ಲದ ತಂಡ ಮೂರು ಗೋಲಿನಿಂದ ಸೋತು ಕೆಳಗಿನ ದರ್ಜೆಗೆ ಬಿತ್ತು. ಅವನು ಅದನ್ನು ಓನಿಕನ ಜೊತೆ ಕೂತು ಟಿವಿಯ ದನಿ ಆರಿಸಿ ನೋಡಿದ. ಮುಗಿದ ಮೇಲೆ ಕ್ಲಬ್ಬಿನಿಂದ ಫೋನ್ ಬಂತು. ರಷ್ಯನ್ನಿನಲ್ಲಿ ಎರಡು ಸಲ "ಅರ್ಥವಾಯಿತು" ಎಂದು ಹೇಳಿ ಇಟ್ಟ.

"ಇಟ್ಕೊಳ್ಳಲ್ವಂತಾ?" ಎಂದು ಓನಿಕ್ ಕೇಳಿದ.

"ಸಾಮಾನು ತಗೊಂಡು ಹೋಗೋಕೆ ಹೇಳಿದ್ರು."

ಹ್ರಿಪ್ಸಿಮೆ ಬಾಗಿಲಲ್ಲಿ ನಿಂತಿದ್ದಳು. "ಯಾಕೋ ಹೀಗೆ ಮಾಡ್ಕೊಂಡೆ? ರಜ ಕೇಳಬಾರದಿತ್ತಾ?"

"ಕೇಳಿದೆ. ಅಪ್ಪ ಯಾವಾಗ ಸತ್ತಿದ್ದು ಅಂದ್ರು. ತಿಂಗಳಾಯ್ತು ಅಂದೆ. ಕೋಚ್ ನಕ್ಕ. ಇಂಥ ಕಥೆ ಬೇಕಾದಷ್ಟು ಕೇಳಿದ್ದೀನಿ, ಹೋಗಿ ಓಡು ಅಂದ."

"ನನ್ನ ಹತ್ರ ಬಾಯಿಬಿಟ್ಟು ಕೇಳಬಹುದಿತ್ತಲ್ಲ ಮಗನೇ."

"ಚಿಕ್ಕಪ್ಪನ ಗಡ್ಡ ನೋಡಿದ ರಾತ್ರಿನೇ ಯೆರೆವಾನಿನ ಹುಡುಗರ ಬಾಯಿ ಬಿಡಿಸಿ ದಿನ ತಿಳ್ಕೊಂಡೆ. ನೀನು ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ದೆ. ಹೇಗೆ ಕೇಳಲಿ?"

ಅವಳು ಅವನೆದುರು ಕೂತಳು. ಇಷ್ಟು ದಿನ ಎದೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಸುರಿದಳು. "ನಿಮ್ಮಪ್ಪ ಆಣೆ ಹಾಕಿಸ್ಕೊಂಡ್ರು. ನೀನು ಆಟ ಬಿಟ್ಟು ಓಡಿ ಬಂದುಬಿಡ್ತೀಯಾ, ನಿನ್ನ ಜಾಗ ಹೋಗುತ್ತೆ ಅಂತ. ನಿನ್ನ ಜಾಗ ಉಳಿಸೋಕೇ ಕಣೋ ಇಷ್ಟೆಲ್ಲ."

ವಾರೋ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಸಿಟ್ಟಿನಿಂದ ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಅವನು ತೀರಾ ಮೆಲ್ಲಗೆ ಹೇಳಿದ.

"ಅಪ್ಪ ಹೋದ ವಾರ ನಮಗೆ ಪಂದ್ಯವೇ ಇರ್ಲಿಲ್ಲ ಅಮ್ಮ. ದೇಶದ ತಂಡಗಳು ಆಡ್ತಿದ್ವು, ಲೀಗ್ ನಿಲ್ಲಿಸಿದ್ರು. ಎಲ್ಲರಿಗೂ ರಜ. ಎಲ್ಲ ಅವರವರ ಊರಿಗೆ ಹೋದ್ರು. ನಾನು ರೂಮಲ್ಲಿ ಒಬ್ನೇ ಮಲಗಿ ಸೂರು ನೋಡ್ತಿದ್ದೆ. ಊರಿಗೆ ಬರ್ಲಾ ಅಂತ ಕೇಳೋಕೇ ಫೋನ್ ಮಾಡಿದ್ದೆ. ನೀನು ಒಲೆ ಮೇಲೆ ಏನೋ ಇದೆ ಅಂತ ಇಟ್ಬಿಟ್ಟೆ."

ಹ್ರಿಪ್ಸಿಮೆ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಯಾವ ಹೊತ್ತಿನಲ್ಲೂ ಒಂದು ಕುಚೋದ್ಯ ಸಿದ್ಧವಾಗಿಟ್ಟುಕೊಂಡಿರುತ್ತಿದ್ದ ಓನಿಕ್ ಎದ್ದು ಅಂಗಳಕ್ಕೆ ಹೋದ. ಅವನು ಫೋನ್ ಮಾಡಿದ ಆ ದಿನ ಒಲೆಯ ಮೇಲೆ ಏನೂ ಇರಲಿಲ್ಲ. ನಡುಮನೆಯಲ್ಲಿ ಸೆದ್ರಾಕನನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿದ್ದರು.