ಬೀಗ ಹಾಕಿದ ಕೋಣೆಯೊಳಗೆ ಹದಿನಾಲ್ಕನೇ ನಂಬರು

೨೦೦೮ರಲ್ಲಿ ನಾನು ಅಂಕೋಲಾ ತಾಲೂಕಿನಲ್ಲಿ, ಭಾವಿಕೇರಿಗೆ ಹತ್ತಿರದ ಒಂದು ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳಾಗಿದ್ದೆ. ಶಾಲೆಯ ಹೆಸರು ಹೇಳುವುದಿಲ್ಲ, ಈ ಕಥೆಯಲ್ಲಿ ಬರುವ ಹುಡುಗಿ ಈಗ ಸಂಸಾರಸ್ಥೆ. ಅನ್ನ ಸಾರು ಮಾಡುವುದು ನನ್ನ ಕೆಲಸ. ಆದರೆ ಆ ವರ್ಷ ಜುಲೈ ತಿಂಗಳಿಂದ ಇನ್ನೊಂದು ಕೆಲಸವೂ ಬಂತು. ಆರನೇ ಇಯತ್ತೆಯ ಮಕ್ಕಳ ಬ್ಲಾಗ್ ನೋಡಿಕೊಳ್ಳುವುದು.

ನಾಲ್ಕನೇ ಇಯತ್ತೆ ಓದಿದ ಮುದುಕಿಗೆ ಬ್ಲಾಗ್ ಎಂದರೇನು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಶಾಲೆಗೆ ಆಗತಾನೇ ಎರಡು ಕಂಪ್ಯೂಟರ್, ಒಂದು ಇಂಟರ್‌ನೆಟ್ ತಂತಿ ಬಂದಿದ್ದವು. ನಮ್ಮಲ್ಲಿ ಹೆಂಗಸು ಕಲಿಸಿದರೆ ಅಕ್ಕೋರು ಅನ್ನುತ್ತೇವೆ. ಆ ಅಕ್ಕೋರು ಹೇಳಿದರು, "ಬೀರಮ್ಮಾ, ಶಾಲೆಯಲ್ಲಿ ಗೋಡೆಪತ್ರಿಕೆ ಇಲ್ವಾ? ಮಕ್ಕಳು ಬರೆದು ಅಂಟಸ್ತಾರೆ. ಇದೂ ಅದೇ, ಗೋಡೆ ಮಾತ್ರ ದೊಡ್ಡದು." ಅಂಟಿಸಿದ ಒಂದೊಂದು ಬರಹಕ್ಕೆ ಪೋಸ್ಟ್ ಎನ್ನುತ್ತಾರೆ, ಅದರ ಕೆಳಗೆ ಓದಿದವರು ಬರೆಯುವುದಕ್ಕೆ ಕಾಮೆಂಟ್ ಎನ್ನುತ್ತಾರೆ. ಒಳಗೆ ಹೋಗಲು ಒಂದು ಗುಟ್ಟಿನ ಶಬ್ದ, ಪಾಸ್‌ವರ್ಡ್. ಇಡೀ ತರಗತಿಗೆ ಒಂದೇ.

ಮಕ್ಕಳು ಮೊದಲು ಪಟ್ಟಿಯಲ್ಲಿ, ಅಂದರೆ ನೋಟುಬುಕ್ಕಿನಲ್ಲಿ, ಬರೆಯುತ್ತಿದ್ದವು. ಆಮೇಲೆ ಒಬ್ಬರು ಓದಿ ಹೇಳಬೇಕು, ಮಗು ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು. ಅಕ್ಕೋರು ಓದಿದರೆ ಬಿರುಸು, ಮಕ್ಕಳ ಬೆರಳು ಹಿಂದೆ ಬೀಳುತ್ತಿತ್ತು. ನಾನು ಓದುವುದು ಅಕ್ಷರ ಕೂಡಿಸಿ ಕೂಡಿಸಿ. ನನ್ನ ನಾಲಿಗೆಯ ವೇಗ, ಅವುಗಳ ಬೆರಳಿನ ವೇಗ ಒಂದೇ ಎಂದು ಗೊತ್ತಾದ ಮೇಲೆ ಅಕ್ಕೋರು ಆ ಕೆಲಸ ನನಗೆ ಬಿಟ್ಟರು. ಪಾತ್ರೆ ತೊಳೆದಾದ ಮೇಲೆ ಮೂರು ಗಂಟೆಯಿಂದ ನಾಲ್ಕರವರೆಗೆ ನಾನು ಕಂಪ್ಯೂಟರ್ ಕೋಣೆಯಲ್ಲಿ. ಕೋಣೆಯ ಚಾವಿ ನನ್ನ ಸೊಂಟದಲ್ಲಿ.

ಕೋಣೆಯ ಗೋಡೆಗೆ ಮೂರು ನಿಯಮ ಬರೆದು ಹಾಕಿದ್ದರು. ಒಂದು, ನಿಮ್ಮ ಹೆಸರು ಬರೆಯಬಾರದು, ಹಾಜರಿ ನಂಬರು ಮಾತ್ರ ಹಾಕಬೇಕು. ಎರಡು, ಊರಿನ ಹೆಸರು ಬರೆಯಬಾರದು. ಮೂರು, ಮನೆಯ ಗುರುತು ಹೇಳಬಾರದು. ದೊಡ್ಡ ಗೋಡೆಯ ಮೇಲೆ ಓದುವವರು ಯಾರೋ ಏನೋ, ಅದಕ್ಕೆ. ಇಪ್ಪತ್ತೆರಡು ಮಕ್ಕಳಿಗೂ ಅದನ್ನು ನಾನೇ ಬಾಯಿಪಾಠ ಮಾಡಿಸಿದೆ. ತಪ್ಪಿ ಊರ ಹೆಸರು ಬರೆದವರಿಗೆ ಆ ದಿನ ಕೀಬೋರ್ಡ್ ಮುಟ್ಟಲು ಬಿಡುತ್ತಿರಲಿಲ್ಲ. ಅಳಲಿ, ನನಗೇನು?

ಹದಿನಾಲ್ಕನೇ ನಂಬರು ಮಾದೇವಿಯದು. ಸಣ್ಣ ಮೈ, ಮೊಣಕಾಲಿನವರೆಗೆ ಇಳಿಯುವ ಜಡೆ. ಟೈಪ್ ಮಾಡುವುದರಲ್ಲಿ ಅದೇ ಮುಂದು. ಆಗಸ್ಟಿನಲ್ಲಿ ಅದು ಶಾಲೆ ಬಿಟ್ಟಿತು. ತಾಯಿ ಹೊನ್ನಮ್ಮ ಗದ್ದೆ ಕೂಲಿಗೆ ಹೋಗುವವಳು, ಗಂಡ ಇಲ್ಲ. ದೂರದ ನೆಂಟಳೊಬ್ಬಳು ಬಂದು, ಕಾರವಾರದಲ್ಲಿ ಒಳ್ಳೆಯ ಮನೆ ಉಂಟು, ಮೇಲುಕೆಲಸ ಮಾಡಿಕೊಂಡು ಅಲ್ಲೇ ಶಾಲೆಗೂ ಹೋಗುತ್ತದೆ ಎಂದು ಹೇಳಿ ಕರಕೊಂಡು ಹೋದಳಂತೆ. ಹೊನ್ನಮ್ಮ ಮನೆಯ ವಿಳಾಸ ಕೇಳಲಿಲ್ಲ. ಚವತಿಗೆ ಕಳಿಸುತ್ತೇನೆ ಎಂದಿದ್ದಳು ನೆಂಟಳು. ಚವತಿ ಬಂತು, ಗಣಪತಿಯನ್ನು ನೀರಿಗೆ ಬಿಟ್ಟೂ ಆಯಿತು, ಹುಡುಗಿ ಬರಲಿಲ್ಲ. ನೆಂಟಳ ಫೋನು ಹತ್ತುತ್ತಿರಲಿಲ್ಲ. ಅವಳು ಗೋವೆಗೆ ಹೋದಳು ಎಂದರು ಕೆಲವರು. ಹುಡುಗಿ ಎಲ್ಲೋ ಸತ್ತೇ ಹೋಗಿದೆ ಎಂದರು ಉಳಿದವರು.

ಚವತಿ ಕಳೆದ ಮೇಲೆ ಅಕ್ಕೋರು ಹತ್ತು ದಿನ ತರಬೇತಿಗೆ ಹೋದರು. ಬ್ಲಾಗ್ ನನ್ನ ತಲೆಗೆ ಬಂತು. ಸೋಮವಾರ ಮೂರು ಗಂಟೆಗೆ ಬೀಗ ತೆಗೆದೆ. ಧೂಳು ಕೂರದ ಹಾಗೆ ಮುಚ್ಚಿದ್ದ ಬಟ್ಟೆ ಶನಿವಾರ ನಾನು ಗಂಟು ಹಾಕಿದ ಹಾಗೆಯೇ ಇತ್ತು. ಮಕ್ಕಳು ಕಂಪ್ಯೂಟರ್ ಹಚ್ಚಿ ಬ್ಲಾಗ್ ತೆಗೆದವು. ಎಲ್ಲಕ್ಕಿಂತ ಮೇಲೆ ಒಂದು ಹೊಸ ಪೋಸ್ಟ್. ಅಕ್ಷರ ಇಂಗ್ಲಿಷು, ಮಾತು ಕನ್ನಡ. ನನಗೆ ಇಂಗ್ಲಿಷ್ ಅಕ್ಷರ ಬಾರದು. ಗಣಪತಿ ಎಂಬ ಹುಡುಗ ಓದಿದ:

"ಇಲ್ಲಿ ಯಾರೂ ಹೆಸರು ಕರೆಯುವುದಿಲ್ಲ. ಹಗಲು ಬಾಗಿಲು ಹೊರಗಿನಿಂದ ಹಾಕುತ್ತಾರೆ. ಒಳಗೆ ನಾನು ಮತ್ತು ಗೋಡೆ ಮೇಲಿನ ಅಜ್ಜ. ಅಜ್ಜ ಕಣ್ಣು ಮುಚ್ಚುವುದೇ ಇಲ್ಲ. ೧೪."

ಮಳೆ ನಿಂತಿತ್ತು. ಮಕ್ಕಳು ಬೆಂಚು ಬಿಟ್ಟು ಬಾಗಿಲ ಕಡೆ ಸರಿದವು.

"ಯಾರದ್ದು ಈ ಕಾರಭಾರ?" ಎಂದೆ.

"ನಮ್ದಲ್ಲ ಅಜ್ಜೀ, ದೇವ್ರಾಣೆ."

"ನಿಂದೇ ಸೈ ಗಣಪತಿ. ನೀನು ಮೊನ್ನೆ ಹಲ್ಲಿ ತಂದು ಹಿಟ್ಟಿನ ಡಬ್ಬಿಗೆ ಹಾಕ್ದವ."

"ಹಲ್ಲಿ ಹಾಕ್ದೆ ಹೌದು. ಇದು ನಾನಲ್ಲ. ಚಾವಿ ನಿನ್ನ ಹತ್ರ ಅಲ್ವೇನೇ ಅಜ್ಜೀ, ನಾನು ಎಲ್ಲಿಂದ ಒಳಗೆ ಬರೂದು?"

ನಾನು ತಿಳಿದದ್ದು, ಬ್ಲಾಗ್ ಆ ಪೆಟ್ಟಿಗೆಯೊಳಗೇ ಇರುತ್ತದೆ ಎಂದು. ಪಟ್ಟಿ ಕಪಾಟಿನೊಳಗೆ ಇದ್ದ ಹಾಗೆ. ಕಪಾಟಿಗೆ ಬೀಗ ಹಾಕಿದ ಮೇಲೆ ಪಟ್ಟಿಯಲ್ಲಿ ಯಾರು ಬರೆಯುತ್ತಾರೆ? ಉತ್ತರ ಇಲ್ಲದಿದ್ದರೆ ನನಗೆ ಸಿಟ್ಟು ಬರುತ್ತದೆ. "ಅಳಸು" ಎಂದೆ. ಗಣಪತಿ ಅಳಿಸಿದ.

ಮರುವಾರ ಮತ್ತೆ ಬಂತು. ಈ ಸಲ ನಾನು ಶನಿವಾರ ಕರೆಂಟಿನ ಪಿನ್ನು ಕೂಡ ಕಿತ್ತು ಮನೆಗೆ ಹೋಗಿದ್ದೆ.

"ನನ್ನ ಕೂದಲು ತೆಗೆದಿದ್ದಾರೆ. ಅಂಗಿ ಬೇರೆಯವರದು. ನಾನು ನೀರಿನ ಮೇಲೆ ಇದ್ದೇನೆ. ಕೆಳಗೆ ನೀರು ಒಂದು ಕಡೆ ಹೋಗುತ್ತದೆ. ಆಮೇಲೆ ಹೋದ ನೀರು ತಿರುಗಿ ಬರುತ್ತದೆ. ೧೪."

ಹಿಂದಿನ ಬೆಂಚಿನ ಒಂದು ಹುಡುಗಿ ಅಳುತ್ತ ಹೊರಗೆ ಓಡಿತು. ನನಗೂ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ? ಅದನ್ನೂ ಅಳಿಸಲು ಹೇಳಿದೆ. ಬಾಗಿಲಿಗೆ ಒಂದು ಲಿಂಬೆಹಣ್ಣು ಕಟ್ಟಿದೆ.

ಮಕ್ಕಳ ಬಾಯಿ ಯಾರು ಹೊಲಿಯುತ್ತಾರೆ? ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಮಾದೇವಿ ನೀರಿಗೆ ಬಿದ್ದು ಸತ್ತಿದೆ, ಶಾಲೆಯ ಪೆಟ್ಟಿಗೆಯೊಳಗೆ ಬಂದು ಬರೆಯುತ್ತಿದೆ ಎಂದು. ಮರುದಿನ ಹೊನ್ನಮ್ಮ ಗದ್ದೆಯಿಂದ ಕೆಸರು ಕಾಲಲ್ಲೇ ಬಂದಳು. ಕಂಪ್ಯೂಟರಿನ ಎದುರು ನೆಲದ ಮೇಲೆ ಕೂತಳು.

"ಬೀರಕ್ಕಾ, ಒಂದ್ಸಲ ಕೇಳು ಅದರ ಹತ್ರ. ನನ್ನ ಹುಡುಗಿ ಉಂಟೋ ಇಲ್ವೋ ಅಷ್ಟೇ ಕೇಳು."

"ನಾ ಎಂತ ದೇವ್ರ ಮಾತು ಹೇಳೂ ಗುನಗನೇ, ಕೇಳಿ ಹೇಳ್ಲಿಕ್ಕೆ? ಏಳು ಮೇಲೆ."

ಅವಳು ಏಳಲಿಲ್ಲ. ಬೆಲ್ ಹೊಡೆದು ಮಕ್ಕಳೆಲ್ಲ ಮನೆಗೆ ಹೋಗುವವರೆಗೂ ಆ ಕಪ್ಪು ಗಾಜು ನೋಡುತ್ತ ಕೂತಿದ್ದಳು. ಗಾಜಿನಲ್ಲಿ ಅವಳ ಮುಖವೇ ಕಾಣುತ್ತಿತ್ತು.

ಊರವರು ದೇವಸ್ಥಾನದಲ್ಲಿ ಪ್ರಸಾದ ಕೇಳಿಸಿದರು. ದೇವರ ಮೈಗೆ ಹೂವಿನ ಎಸಳು ಅಂಟಿಸಿ, ಬಲಕ್ಕೆ ಬಿದ್ದರೆ ಒಳ್ಳೆಯದು, ಎಡಕ್ಕೆ ಬಿದ್ದರೆ ಕೆಟ್ಟದ್ದು ಎಂದು ನೋಡುವ ಕ್ರಮ ಇದೆ. ಎಸಳು ಎಡಕ್ಕೆ ಬಿತ್ತು. ಶಾಲಾ ಸಮಿತಿಯವರು ಕೂತು ತೀರ್ಮಾನ ಮಾಡಿದರು, ಬ್ಲಾಗ್ ಬಂದ್, ಬರೆದದ್ದೆಲ್ಲ ಅಳಿಸಿಬಿಡುವುದು. ಹೆಡ್‌ಮಾಸ್ತರು ಸಹಿ ಹಾಕಿದರು. ಬೇಗ ಅಳಿಸಿ ಎಂದು ಎಲ್ಲರಿಗಿಂತ ದೊಡ್ಡ ಸ್ವರದಲ್ಲಿ ಹೇಳಿದವಳು ನಾನೇ.

ಅಕ್ಕೋರು ತರಬೇತಿ ಮುಗಿಸಿ ಬಂದದ್ದು ಗುರುವಾರ. ಸಮಿತಿಯ ಇಬ್ಬರು ಬೆನ್ನ ಹಿಂದೆ ನಿಂತಿದ್ದರು. ಹೊನ್ನಮ್ಮ ಬಾಗಿಲಲ್ಲಿ. ಅಕ್ಕೋರು ಅಳಿಸಲೆಂದೇ ಬ್ಲಾಗ್ ತೆಗೆದರು. ಮೇಲೆ ಹೊಸದೊಂದು ಪೋಸ್ಟ್ ಕೂತಿತ್ತು. ಅರ್ಧ ಗಂಟೆ ಹಿಂದೆ ಬಂದದ್ದು. ಅಕ್ಕೋರು ಮೆಲ್ಲಗೆ ಓದಿದರು:

"ನಾನು ಬರೆದದ್ದು ಎರಡು ಸಲ ಮಾಯವಾಯಿತು. ನಾನು ಇಲ್ಲವೋ? ನಾನು ಇದ್ದರೆ ಯಾರಾದರೂ ಹೇಳಿ. ೧೪."

ಹೊನ್ನಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸಮಿತಿಯವರಲ್ಲೊಬ್ಬ, "ಅಳಿಸಿ ಅಕ್ಕೋರೇ, ನೋಡ್ತಾ ಎಂತ ಕೂತ್ರಿ?" ಎಂದ.

ಸತ್ತವರ ವಿಷಯ ನನಗೆ ಗೊತ್ತಿಲ್ಲ. ಮಕ್ಕಳ ವಿಷಯ ಸ್ವಲ್ಪ ಗೊತ್ತು. ಊಟಕ್ಕೆ ಸಾಲಿನಲ್ಲಿ ಕೂತಾಗ ಒಂದು ತಟ್ಟೆ ಬಿಟ್ಟು ಮುಂದೆ ಹೋದರೆ ಆ ಮಗು ಹೀಗೆಯೇ ಕೇಳುತ್ತದೆ, "ಅಜ್ಜೀ, ನಾನು ಇಲ್ವಾ?" ಎಂದು. ಆ ಸ್ವರ ನನಗೆ ಕೇಳಿತು. ತಲೆ ಎತ್ತಿದರೆ ಗೋಡೆಯ ಮೇಲಿನ ಕಾಗದ ಕಂಡಿತು. ಹೆಸರು ಬರೆಯಬಾರದು. ಊರು ಬರೆಯಬಾರದು. ಮನೆಯ ಗುರುತು ಹೇಳಬಾರದು. ಮೂರೂ ಪೋಸ್ಟಿನಲ್ಲಿ ಹೆಸರಿಲ್ಲ, ಊರಿಲ್ಲ, ಗುರುತಿಲ್ಲ.

"ತಡೀರಿ" ಎಂದೆ. "ಭೂತಕ್ಕೆ ನಮ್ಮ ನಿಯಮ ಕಲಿಸಿದವರು ಯಾರು?"

ಅಕ್ಕೋರು ನನ್ನನ್ನೇ ನೋಡಿದರು. ಆಮೇಲೆ ವಿವರಿಸಿದರು. ಬ್ಲಾಗ್ ಈ ಪೆಟ್ಟಿಗೆಯೊಳಗೆ ಇಲ್ಲ. ಪಾಸ್‌ವರ್ಡ್ ಗೊತ್ತಿದ್ದವರು ಯಾವ ಊರಿನ ಯಾವ ಕಂಪ್ಯೂಟರಿನಿಂದಲೂ ಬರೆಯಬಹುದು. ನಮ್ಮ ಮಕ್ಕಳು ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಹಾಗೆ ಇಲ್ಲಿ ಒಂದು ಸಾಫ್ಟ್‌ವೇರ್ ಹಾಕಿದ್ದಾರೆ. ಅದಿಲ್ಲದ ಕಂಪ್ಯೂಟರಿನಲ್ಲಿ ಹಾಗೆಯೇ ಒತ್ತಿದರೆ ಇಂಗ್ಲಿಷ್ ಅಕ್ಷರವೇ ಉಳಿಯುತ್ತದೆ. ಅಂದರೆ ಇದು ನಮ್ಮಲ್ಲೇ ಕಲಿತ ಮಗು, ಬೇರೆ ಯಾರದೋ ಮನೆಯಲ್ಲಿ ಕೂತು ಬರೆದದ್ದು.

"ಜೀವ ಉಂಟಾ?" ಹೊನ್ನಮ್ಮ ಕೇಳಿದಳು.

"ಅರ್ಧ ಗಂಟೆ ಹಿಂದೆ ಇತ್ತು" ಎಂದೆ. ಬೇರೆ ಸಮಾಧಾನ ಹೇಳಲು ನನಗೆ ಬರುವುದಿಲ್ಲ.

ಸಮಿತಿಯವರನ್ನು ಹೊರಗೆ ಕಳಿಸಿದೆವು. ಕಾಮೆಂಟ್ ನಾನು ಹೇಳಿದೆ, ಗಣಪತಿ ಒತ್ತಿದ. "೧೪, ನೀನು ಇದ್ದೀ. ಅಳಿಸಿದ್ದು ಭೂತ ಅಲ್ಲ. ಅಜ್ಜಿ ಹೇಳ್ತಾಳೆ, ಇವತ್ತಿಂದ ನಿಯಮ ಇಲ್ಲ. ಕಿಟಕಿಯಿಂದ ಕಂಡದ್ದೆಲ್ಲ ಬರಿ."

ಶುಕ್ರವಾರ ಏನೂ ಇಲ್ಲ. ಶನಿವಾರ ಏನೂ ಇಲ್ಲ. ಆದಿತ್ಯವಾರ ಶಾಲೆಗೆ ರಜೆ, ಆದರೂ ಬೀಗ ತೆಗೆದು ನಾನು, ಅಕ್ಕೋರು, ಹೊನ್ನಮ್ಮ ಮೂವರೂ ಕೂತೆವು. ಆ ಮೂರು ದಿನ ನನಗೆ ಹೊಳೆಯುತ್ತಿದ್ದದ್ದು ಒಂದೇ. ಎರಡು ಸಲ ಕೂಗಿ ಉತ್ತರ ಬಾರದ ಮಗು ಮೂರನೇ ಸಲ ಕೂಗಿತು. ನಾಲ್ಕನೇ ಸಲ ಕೂಗದಿದ್ದರೆ?

ಸೋಮವಾರ ಮಧ್ಯಾಹ್ನ ಬಂತು. ಊರಿನ ಹೆಸರು ಅದಕ್ಕೆ ಗೊತ್ತಿರಲಿಲ್ಲ, ಮನೆಯಿಂದ ಹೊರಗೆ ಬಿಟ್ಟಿದ್ದರೆ ತಾನೇ? ಉದ್ದದ ಸೇತುವೆ ಕಾಣುತ್ತದೆ, ಲಾರಿ ಹೋದರೆ ಇಲ್ಲಿಯ ಗಾಜು ನಡುಗುತ್ತದೆ, ನೀರಿನ ಆಚೆ ಗುಡ್ಡ, ಗುಡ್ಡದ ಮೇಲೆ ಕೋಟೆ, ಅಂಗಳದಲ್ಲಿ ಮಗುಚಿ ಹಾಕಿದ ದೋಣಿ, ಕೆಳಗಿನ ಮನೆಯಲ್ಲಿ ದಿನವಿಡೀ ಹೊಲಿಗೆ ಮಶಿನ್ ಶಬ್ದ ಎಂದು ಬರೆದಿತ್ತು.

ಹೋದ ನೀರು ತಿರುಗಿ ಬರುವುದು ಎಂದರೆ ಏನೆಂದು ಆಗ ನನಗೆ ತಿಳಿಯಿತು. ಕಾರವಾರದ ಸೇತುವೆಯ ಹತ್ತಿರ ಕಾಳಿ ನದಿ ಸಮುದ್ರ ಸೇರುವಲ್ಲಿ ಭರತಕ್ಕೆ ನೀರು ಒಳಗೆ ಏರುತ್ತದೆ, ಇಳಿತಕ್ಕೆ ಹೊರಗೆ ಹೋಗುತ್ತದೆ. ಹುಟ್ಟಿದಾಗಿನಿಂದ ಸಮುದ್ರ ಕಂಡ ನಾನು ಅದನ್ನು ಯಮಲೋಕದ ನೀರು ಎಂದು ತಿಳಿದು ಲಿಂಬೆಹಣ್ಣು ಕಟ್ಟಿದ್ದೆ.

ಮರುದಿನ ಬೆಳಗಿನ ಬಸ್ಸಿಗೆ ನಾವು ಮೂವರು ಹೆಂಗಸರು ಕಾರವಾರಕ್ಕೆ ಹೋದೆವು. ಕೋಡಿಬಾಗದಲ್ಲಿ ಇಳಿದು, ಸೇತುವೆ ಕಾಣುವ ಕಡೆಯ ಓಣಿಗಳಲ್ಲಿ ಹೊಲಿಗೆ ಮಶಿನಿನ ಶಬ್ದ ಕೇಳುತ್ತ ನಡೆದೆವು. ಮೂರನೇ ಓಣಿಯಲ್ಲಿ ಮಗುಚಿದ ದೋಣಿ ಇತ್ತು. ಕೆಳಗಿನ ಮನೆಯ ದರ್ಜಿ ಬಾಯಲ್ಲಿದ್ದ ದಾರ ತೆಗೆದು ಹೇಳಿದ, "ಮೇಲೆ ಒಂದು ಹುಡುಗಿ ಉಂಟು ಅಂತ ಕಾಣ್ತದೆ ಬಾಯೀ. ನಡೆಯೂದು ಕೇಳ್ತದೆ. ಮಾತಾಡೂದು ಕೇಳ್ಲಿಲ್ಲ ಒಂದು ದಿನವೂ."

ಮೇಲೆ ಹೋದೆವು. ಬಾಗಿಲಿಗೆ ಹೊರಗಿನಿಂದ ಬೀಗ. ಹೊನ್ನಮ್ಮ ಕದಕ್ಕೆ ಬಾಯಿ ಹಚ್ಚಿ, "ಮಾದೇವೀ" ಎಂದಳು.

ಒಳಗೆ ಹೆಜ್ಜೆ ಸಪ್ಪಳ ಬಂತು. ಕದದ ಆಚೆ ನಿಂತಿತು. ಆಮೇಲೆ ಸಣ್ಣ ಸ್ವರ ಕೇಳಿತು, "ಇನ್ನೊಂದ್ಸಲ ಕರಿ."

ಮನೆಯ ಯಜಮಾನ್ತಿ ಊಟಕ್ಕೆ ಬಂದದ್ದು ಒಂದೂವರೆ ಗಂಟೆಗೆ. ಕಲಿತವಳು, ಕಚೇರಿಯ ಕೆಲಸದವಳು. ಮಗನ ಕಂಪ್ಯೂಟರ್ ಒರೆಸಲು ಹೇಳಿದ್ದಳಂತೆ, ಒರೆಸುವವಳಿಗೆ ಅದು ಬರುತ್ತದೆ ಎಂದು ಅವಳ ತಲೆಗೆ ಹೋಗಿರಲಿಲ್ಲ. ಬೀಗ ತೆಗೆಯುತ್ತ, "ಮುಂದಿನ ವರ್ಷ ಶಾಲೆಗೆ ಹಾಕುವವರಿದ್ದೆವು" ಎಂದಳು.

"ಹೌದೌದು. ಕೂದಲು ಮಾತ್ರ ಈ ವರ್ಷವೇ ತೆಗೆದ್ರಿ" ಎಂದೆ.

"ಹೇನು ಇತ್ತು."

"ಬಾಚಣಿಗೆ ಇರ್ಲಿಲ್ವಾ ಇಷ್ಟು ದೊಡ್ಡ ಮನೇಲಿ?"

ಗೋಡೆಯ ಮೇಲೆ ಹಾರ ಹಾಕಿದ ಮುದುಕನ ಫೋಟೋ ಇತ್ತು. ಕಣ್ಣು ತೆರೆದೇ ಇತ್ತು. ನನಗೂ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆನಿಸಲಿಲ್ಲ. ದೂರು ಕೊಡುವ ಕೆಲಸ ಅಕ್ಕೋರು ಆಮೇಲೆ ಮಾಡಿದರು, ಅದು ಬೇರೆ ವಿಷಯ.

ಬಸ್ಸಿನಲ್ಲಿ ಮಾದೇವಿ ತಾಯಿಯ ಸೆರಗು ತಲೆಗೆ ಹೊದ್ದು ಕೂತಿತ್ತು. ಅವರ್ಸಾ ದಾಟಿದ ಮೇಲೆ ಮೊದಲ ಸಲ ನನ್ನ ಕಡೆ ತಿರುಗಿತು.

"ಅಜ್ಜೀ, ಅಳಿಸಿದ್ದು ಯಾರು?"

ಹೊನ್ನಮ್ಮ ನನ್ನ ಮುಖ ನೋಡಿದಳು. ಗಣಪತಿಯ ಹೆಸರು ಹೇಳಬಹುದಿತ್ತು, ಬೆರಳು ಅವನದೇ.

"ನಾನು" ಎಂದೆ. "ಎರಡೂ ನಾನೇ."

ಅದು ಕಿಟಕಿಯ ಕಡೆ ತಿರುಗಿತು. ಆ ವರ್ಷ ಮುಗಿಯುವವರೆಗೆ ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿತು. ಅನ್ನ ಹಾಕಿದರೆ ಸಾಕು ಎನ್ನುತ್ತಿತ್ತು, ಅಷ್ಟೇ. ನನಗೆ ಬೇಸರ ಇಲ್ಲ, ಅದರ ಲೆಕ್ಕದಲ್ಲಿ ಅದು ಸರಿ.

ಬ್ಲಾಗ್ ಬಂದ್ ಮಾಡುವ ಮಾತನ್ನು ಸಮಿತಿಯವರು ಮತ್ತೆ ಎತ್ತಲಿಲ್ಲ. ಶಾಲೆಗೆ ಬಂದ ಮೊದಲ ದಿನ ಮೂರು ಗಂಟೆಗೆ ಮಾದೇವಿ ಕಂಪ್ಯೂಟರಿನ ಎದುರು ಕೂತಿತು. ಪಟ್ಟಿ ತರಲಿಲ್ಲ, ನಾನು ಓದಿ ಹೇಳಬೇಕಾಗಲಿಲ್ಲ. ಅಳಿಸಿಹೋದ ಆ ಎರಡು ಪೋಸ್ಟನ್ನು ನೆನಪಿನಿಂದಲೇ ಮತ್ತೆ ಒತ್ತಿತು, ಒಂದು ಮಾತೂ ಬದಲಿಸಲಿಲ್ಲ. ಈ ಸಲ ಕನ್ನಡ ಅಕ್ಷರ ಮೂಡಿದವು. ಬೆನ್ನ ಹಿಂದೆ ನಿಂತು ನಾನು ಅಕ್ಷರ ಕೂಡಿಸಿ ಓದಿದೆ. ಯಾರು ಬರೆದದ್ದೆಂದು ಗೊತ್ತಿದ್ದೂ ಮೈ ಜುಮ್ಮೆಂದಿತು. ಕೆಳಗೆ ಹದಿನಾಲ್ಕು ಎಂದು ಹಾಕಲಿಲ್ಲ. ಮಾದೇವಿ ಎಂದು ಹಾಕಿತು. ಅಕ್ಕೋರು ಗೋಡೆಯ ನಿಯಮ ನೋಡಿದರು, ನನ್ನನ್ನು ನೋಡಿದರು. ನಾನು, ಇರಲಿ ಎಂದು ತಲೆಯಾಡಿಸಿದೆ.

ಆಮೇಲೆ ನಿವೃತ್ತಿಯವರೆಗೂ ನಾನು ಆ ಕೋಣೆಯಲ್ಲಿ ಮಕ್ಕಳಿಗೆ ಓದಿ ಹೇಳಿದೆ. ಕಲಿತದ್ದು ಹೆಚ್ಚೇನಲ್ಲ. ಮಕ್ಕಳು ಬರೆದದ್ದು ಓದಿ ಹೆದರಿಕೆಯಾದರೆ ಆಗಲಿ, ಹೆದರಿಕೆಯಿಂದ ಯಾರೂ ಸಾಯುವುದಿಲ್ಲ. ಅಳಿಸುವ ಮೊದಲು "ಯಾರು ನೀನು, ಎಲ್ಲಿದ್ದೀ?" ಎಂದು ಒಂದು ಸಾಲು ಬರೆದು ಕೇಳಬೇಕು. ಆ ಸಾಲು ಬರೆಯಲು ನನಗೆ ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಬೀಗದ ಒಳಗೆ ಕಳೆದದ್ದು ನಾನಲ್ಲ.