ಪೀಣ್ಯದ ಹುಡುಗಿಯರ ವಾಲಿಬಾಲ್ ಬಜೆಟ್

ಮೊನ್ನೆ ಮಾರತ್ತಹಳ್ಳಿಯ ಅಂಗಡಿಯೊಂದಕ್ಕೆ ಮೊಮ್ಮಗಳಿಗೆ ವಾಲಿಬಾಲ್ ಕೊಳ್ಳಲು ಹೋಗಿದ್ದೆ. ಹೊಸ ಚೆಂಡಿನ ವಾಸನೆ ಮೂಗಿಗೆ ತಾಗಿದ್ದೇ ತಡ, ನಲವತ್ತು ವರ್ಷ ಹಿಂದಕ್ಕೆ ಜಾರಿದೆ. ನಗಬೇಡಿ, ನಾನು ಆಟಗಾರನಲ್ಲ; ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದವನು. ನಾನು ಓಡಿದ್ದೆಂದರೆ ಬಸ್ಸಿನ ಹಿಂದೆ ಮಾತ್ರ.

ಆಗ ಎಂಬತ್ತರ ದಶಕದ ಆರಂಭ. ಕಾರ್ಮಿಕರ ಹೆಣ್ಣುಮಕ್ಕಳಿಗೆ ಕಾರ್ಖಾನೆಯ ಮಹಿಳಾ ತಂಡದ ಆಟಗಾರ್ತಿಯರೇ ವರ್ಷವಿಡೀ ವಾಲಿಬಾಲ್ ಕಲಿಸಬೇಕೆಂದು ತೀರ್ಮಾನವಾಯಿತು. ಖರ್ಚಿನ ಅಂದಾಜು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಚೆಂಡು, ನೆಟ್, ಸೀಟಿ, ಸಮವಸ್ತ್ರ, ಉದ್ಘಾಟನೆಗೆ ಶಾಮಿಯಾನ, ಹಾರ, ಬಾದಾಮಿ ಹಾಲು, ಎಲ್ಲವನ್ನೂ ಮಂಜೂರಾದ ಹಣಕ್ಕೆ ಪೈಸೆ ಹೆಚ್ಚುಕಡಿಮೆಯಿಲ್ಲದೆ ಹೊಂದಿಸಿದೆ. ಆ ಹಾಳೆಯನ್ನು ಹೆಂಡತಿಗೂ ತೋರಿಸಿದ್ದೆನೆಂದರೆ ನನ್ನ ಜಂಬ ಎಷ್ಟಿತ್ತೋ ಊಹಿಸಿ.

ತಂಡದ ನಾಯಕಿ ರತ್ನಮ್ಮ, ಮೋಟಾರಿಗೆ ತಂತಿ ಸುತ್ತುವ ವಿಭಾಗದವರು. ಹಾಳೆಯನ್ನು ಎರಡು ಸಲ ಓದಿದರು.

"ಎಲ್ಲಾ ಚೆನ್ನಾಗಿದೆ ಸಾರ್. ಆಟ ಮುಗಿಯೋದು ಆರೂವರೆಗೆ. ಹುಡುಗೀರು ಮನೆಗೆ ಹೆಂಗೆ ಹೋಗ್ತಾರೆ?"

"ನಡ್ಕೊಂಡು."

"ಕತ್ತಲಲ್ಲಿ, ಆ ಲಾರಿ ರಸ್ತೇಲಾ? ಎರಡನೇ ದಿನಕ್ಕೇ ಯಾರೂ ಕಳ್ಸಲ್ಲ. ನಾವು ಒಬ್ಬೊಬ್ರು ಇಬ್ಬಿಬ್ರನ್ನ ಮನೆ ಬಾಗ್ಲಿಗೆ ಬಿಟ್ಟು ಹೋಗ್ತೀವಿ. ಬಸ್ ಚಾರ್ಜ್ ಹಾಕಿ, ಸಾಕು."

ಹಾಕಲು ಜಾಗವೆಲ್ಲಿ? ಉದ್ಘಾಟನೆಯನ್ನೇ ಹೊಡೆದುಹಾಕಿದೆ.

ಮ್ಯಾನೇಜರು ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು. "ಏನ್ರೀ ಇದು, ಉದ್ಘಾಟನೆ ಇಲ್ದೆ ಕಾರ್ಯಕ್ರಮಾನಾ?"

"ಹುಡುಗೀರು ಬರದಿದ್ರೆ ಬರೀ ಉದ್ಘಾಟನೆ ಉಳಿಯುತ್ತೆ ಸಾರ್," ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಕಾಣೆ. ಅವರು ಕನ್ನಡಕ ಮತ್ತೆ ಏರಿಸಿಕೊಂಡು ಸಹಿ ಹಾಕಿದರು.

ಹನ್ನೆರಡು ಹುಡುಗಿಯರು ಬಂದರು. ಒಂದು ಸಂಜೆ ರತ್ನಮ್ಮನಿಗೆ ಜ್ವರ. ಅವರ ಪಾಲಿನ ಇಬ್ಬರನ್ನು ಮನೆಗೆ ಬಿಡಲು ನಾನೇ ಹೊರಟೆ. ಒಬ್ಬಳ ಅಪ್ಪ ಹೊಸಿಲಲ್ಲೇ ತಡೆದರು.

"ನೀವ್ಯಾರು ಸಾಮಿ? ರತ್ನಕ್ಕ ಬರ್ನಿಲ್ವಾ?"

"ಅವ್ರಿಗೆ ಜ್ವರ. ನಾನು ವಾಲಿಬಾಲ್‌ನೋನು," ಎಂದುಬಿಟ್ಟೆ. ಹುಡುಗಿ ಕಿಸಕ್ಕನೆ ನಕ್ಕಳು. ನನಗೆ ಮಾತ್ರ ಎದೆ ಎರಡಿಂಚು ಉಬ್ಬಿತ್ತು.

ವರ್ಷದ ಕೊನೆಗೂ ಹನ್ನೆರಡು ಮಂದಿ ಹಾಗೇ ಉಳಿದಿದ್ದರು. ಅವರ ಪಂದ್ಯಕ್ಕೆ ಮ್ಯಾನೇಜರು ಕರೆಯದೆಯೇ ಬಂದು ಕೊನೆಯವರೆಗೂ ನಿಂತು ನೋಡಿದರು. ಮರುವರ್ಷದ ಅಂದಾಜಿನಲ್ಲಿ ಬಸ್ ಚಾರ್ಜನ್ನು ಮೊದಲ ಸಾಲಿನಲ್ಲೇ ಬರೆಸಿದವರು ಅವರೇ.

ಇಷ್ಟೆಲ್ಲ ಗೊತ್ತಿದ್ದವನು, ಮೊಮ್ಮಗಳ ತರಬೇತಿಯ ಶುಲ್ಕ ಕಟ್ಟಿದ ಮೇಲೆ ನನ್ನ ಕೆಲಸ ಮುಗಿಯಿತೆಂದು ಕುಳಿತಿದ್ದೆನಲ್ಲ! ಅಂಗಡಿಯಲ್ಲಿ ನಿಂತೇ ಅವಳಿಗೆ ಫೋನ್ ಮಾಡಿದೆ.

"ಪ್ರಾಕ್ಟೀಸ್ ಎಷ್ಟೊತ್ತಿಗೆ ಪುಟ್ಟಿ? ಇವತ್ತು ನಾನೂ ಬರ್ತೀನಿ."

"ಬಂದೇನ್ ಮಾಡ್ತೀಯ ತಾತ? ನಿಂಗೆ ಆಡೋಕ್ ಬರಲ್ವಲ್ಲ."

"ಬರಲ್ಲ. ಬಾಲ್ ಹೊರಗೆ ಹೋದ್ರೆ ತಂದ್ಕೊಡ್ತೀನಿ."